ಫೋನ್ ಮನೆಯಲ್ಲಿ, ವಾಚು ಕೈಯಲ್ಲಿ: ಮೂರೂವರೆ ವರ್ಷದ ಬಳಕೆ

ಸ್ಮಾರ್ಟ್ ವಾಚು ಕೊಂಡದ್ದು ಫೋನಿನಿಂದ ತಪ್ಪಿಸಿಕೊಳ್ಳಲು. ಬೆಳಗಿನ ನಡಿಗೆಯಲ್ಲಿ ಜೇಬು ಜೋತಾಡಬಾರದು, ಕಚೇರಿಯ ವಾಟ್ಸ್ಯಾಪ್ ಗುಂಪು ಕುಕ್ಕರಹಳ್ಳಿ ಕೆರೆಯ ಏರಿಯವರೆಗೆ ಬೆನ್ನಟ್ಟಿ ಬರಬಾರದು, ಆದರೆ ಕಿವಿಗೆ ಹಾಡು ಬೇಕು, ಎಷ್ಟು ನಡೆದೆ ಎಂಬ ಲೆಕ್ಕ ಬೇಕು. ಬೇಡಿಕೆ ಇಷ್ಟೇ. 2022ರ ಯುಗಾದಿಯ ವಾರದಲ್ಲಿ ಮೈಸೂರಿನ ಅಂಗಡಿಯೊಂದರಲ್ಲಿ ಕೊಂಡೆ. ವಾಚುಗಳಿಗೆಂದೇ ಗೂಗಲ್ ಮಾಡಿದ ವೇರ್ ಓಎಸ್ ತಂತ್ರಾಂಶದ ಮೇಲೆ ನಡೆಯುವ ದುಂಡು ಮುಖದ ವಾಚು. 16 ಜಿಬಿ ಜಾಗ, ಜಿಪಿಎಸ್, ವೈಫೈ, ಬ್ಲೂಟೂತ್ ಉಂಟು, ಸಿಮ್ ಇಲ್ಲ. ಕಂಪನಿಯ ಹೆಸರು ಹೇಳುತ್ತಿಲ್ಲ. ಆ ಮಾದರಿ ಈಗ ಅಂಗಡಿಗಳಲ್ಲಿ ಸಿಗುವುದೂ ಇಲ್ಲ, ನಾನು ಹೇಳುವ ಬಹುಪಾಲು ಮಾತು ಈ ಜಾತಿಯ ಎಲ್ಲ ವಾಚುಗಳಿಗೂ ಸಲ್ಲುತ್ತದೆ.

ಇದು ನನ್ನ ಮೊದಲ ಪ್ರಯೋಗವಲ್ಲ. 2010ರಲ್ಲಿ ಆಪಲ್ ಒಂದೂವರೆ ಇಂಚಿನ ಚೌಕ ಪರದೆಯ ಐಪಾಡ್ ನ್ಯಾನೋ ತಂದಿತ್ತು. ಅದು ವಾಚಲ್ಲ, ಹಿಂಬದಿಗೆ ಕ್ಲಿಪ್ ಇದ್ದ ಹಾಡಿನ ಪೆಟ್ಟಿಗೆ. ಆದರೆ ಪರದೆಯ ಮೇಲೆ ಗಡಿಯಾರ ತೋರಿಸುತ್ತಿದ್ದುದರಿಂದ ಜನ ಅದಕ್ಕೆ ಬೆಲ್ಟ್ ಹಾಕಿ ಕೈಗೆ ಕಟ್ಟಿಕೊಂಡರು. ಮರುವರ್ಷ ಕಂಪನಿಯೇ ಬಗೆಬಗೆಯ ಗಡಿಯಾರದ ಮುಖಗಳನ್ನು ಅದಕ್ಕೆ ಸೇರಿಸಿತು. ಅಮೆರಿಕದಲ್ಲಿದ್ದ ಭಾವ ತಂದುಕೊಟ್ಟದ್ದು ನನ್ನ ಬಳಿಯೂ ಇತ್ತು. ಹಾಡು, ಫೋಟೋ, ಎಫ್‌ಎಂ, ಹೆಜ್ಜೆ ಎಣಿಕೆ, ಎಲ್ಲವೂ ಫೋನಿನ ಹಂಗಿಲ್ಲದೆ. ಬ್ಲೂಟೂತ್ ಮಾತ್ರ ಇರಲಿಲ್ಲ. ಕಿವಿಯಿಂದ ಹೊರಟ ತಂತಿ ಅಂಗಿಯ ತೋಳಿನೊಳಗೆ ಇಳಿದು ಮಣಿಕಟ್ಟು ಸೇರಬೇಕಿತ್ತು. ಯಾರಿಗಾದರೂ ನಮಸ್ಕಾರ ಮಾಡಲು ಕೈ ಎತ್ತಿದರೆ ಇಯರ್‌ಫೋನ್ ಕಿತ್ತು ಬರುತ್ತಿತ್ತು. ಅದಕ್ಕೆ ಹಾಡು ತುಂಬಿಸಲು ಕಂಪ್ಯೂಟರ್ ಬೇಕಿತ್ತು, ಈ ವಾಚಿಗೆ ಫೋನ್ ಬೇಕು. ತಂತಿ ಹೋಯಿತು, ತುಂಬಿಸುವ ಚಾಕರಿ ಹೋಗಲಿಲ್ಲ.

ಆ ಚಾಕರಿಯ ಬಗ್ಗೆ ಜಾಹೀರಾತುಗಳಲ್ಲಿ ಯಾರೂ ಹೇಳುವುದಿಲ್ಲ. ಫೋನಿಲ್ಲದ ಬೆಳಗು ಎಂದರೆ ದೋಸೆ ಇದ್ದ ಹಾಗೆ. ಹಿಂದಿನ ದಿನವೇ ನೆನೆಹಾಕಿ ರುಬ್ಬಿಡದಿದ್ದರೆ ಬೆಳಿಗ್ಗೆ ಕಾವಲಿ ಕಾಯಿಸಿ ಪ್ರಯೋಜನವಿಲ್ಲ. ಮೊದಲ ವಾರ ನಾನು ಕಾವಲಿಯನ್ನಷ್ಟೇ ಕಾಯಿಸಿದೆ. ಐದೂವರೆಗೆ ಎದ್ದು, ಬೂಟು ಹಾಕಿ, ಬಾಗಿಲಲ್ಲಿ ನಿಂತು ಫೋನಿನಿಂದ ವಾಚಿಗೆ ಹಾಡು ಕಳಿಸಲು ಹೊರಟೆ. ಬ್ಲೂಟೂತ್‌ನಲ್ಲಿ ಹತ್ತು ಹಾಡು ದಾಟುವಷ್ಟರಲ್ಲಿ ಹಾಲಿನವನು ಬಂದು ಹೋಗಿದ್ದ. ವಾಚನ್ನು ಚಾರ್ಜರ್ ಮೇಲಿಟ್ಟು, ಮನೆಯ ವೈಫೈಗೆ ಸೇರಿಸಿ, ಮಲಗುವ ಮುಂಚೆಯೇ ಕಳಿಸಬೇಕು ಎಂಬುದು ಆಮೇಲೆ ತಿಳಿದದ್ದು.

16 ಜಿಬಿ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಒಳಗಿನ ತಂತ್ರಾಂಶವೇ ಅರ್ಧ ನುಂಗಿ ನನಗೆ ಉಳಿದದ್ದು ಏಳೂವರೆ ಜಿಬಿ. ಅದು ಸಾಲದು ಎನ್ನುವ ಹಾಗಿಲ್ಲ. ನಾಲ್ಕು ನಿಮಿಷದ ಹಾಡು 320 ಕೆಬಿಪಿಎಸ್ (ಸೆಕೆಂಡಿಗೆ ಅಷ್ಟು ಕಿಲೋಬಿಟ್) ಗುಣಮಟ್ಟದಲ್ಲಿ ಸುಮಾರು ಹತ್ತು ಎಂಬಿ ತೂಗುತ್ತದೆ. ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುವವನಿಗೆ ಅಷ್ಟು ಗುಣಮಟ್ಟ ಏಕೆ? ನಾನು 128ಕ್ಕೆ ಇಳಿಸಿಕೊಂಡೆ. ಮೂರು ಗಂಟೆಯ ಸಂಗೀತ ಕಛೇರಿಯೂ 175 ಎಂಬಿಯೊಳಗೆ ಬರುತ್ತದೆ. ಮಾತೇ ಪ್ರಧಾನವಾದ ತಾಳಮದ್ದಳೆಗೆ 64 ಸಾಕು. ನಾಲ್ಕು ಗಂಟೆಯ ಪ್ರಸಂಗ 115 ಎಂಬಿ.

ತಾಳಮದ್ದಳೆಯೇ ನನಗೆ ಈ ವಾಚಿನ ಮಿತಿಗಳನ್ನು ಕಲಿಸಿದ್ದು ಕೂಡ. ನಾಲ್ಕು ಗಂಟೆಯ ಕಡತವನ್ನು ಒಂದೂಕಾಲು ಇಂಚಿನ ಪರದೆಯ ಮೇಲೆ ಹಿಂದೆ ಮುಂದೆ ಸರಿಸುವುದು ಸಾಧ್ಯವಿಲ್ಲ. ಬೆರಳು ಕೂದಲೆಳೆಯಷ್ಟು ಜಾರಿದರೆ ಹತ್ತು ನಿಮಿಷ ಹಾರುತ್ತದೆ. ಕೃಷ್ಣ ಸಂಧಾನಕ್ಕೆ ಬಂದು ಕುಳಿತನೋ ಇಲ್ಲವೋ ಅಷ್ಟರಲ್ಲಿ ಎದ್ದು ಹೊರಟಿರುತ್ತಾನೆ. ಈಗ ಕಂಪ್ಯೂಟರಿನಲ್ಲಿ ಅರ್ಧರ್ಧ ಗಂಟೆಯ ತುಂಡು ಮಾಡಿಕೊಳ್ಳುತ್ತೇನೆ. ಹೆಸರಿಡುವುದರಲ್ಲೂ ಒಂದು ಪಾಠವಿದೆ. ಕನ್ನಡ ಅಕ್ಷರಗಳು ಇದರಲ್ಲಿ ಸರಿಯಾಗಿಯೇ ಮೂಡುತ್ತವೆ, ಆದರೆ ಪಟ್ಟಿಯಲ್ಲಿ ಮೊದಲ ಎಂಟು ಹತ್ತು ಅಕ್ಷರ ಮಾತ್ರ ಕಾಣುತ್ತದೆ. ಹೀಗಾಗಿ ನನ್ನ ಪಟ್ಟಿಯ ಎಂಟೂ ಸಾಲುಗಳಲ್ಲಿ ‘ತಾಳಮದ್ದಳೆ ಕೃ…’ ಎಂದಷ್ಟೇ ಇತ್ತು. ಈಗ ಅಂಕಿ ಮೊದಲು, ಹೆಸರು ಆಮೇಲೆ.

ಸ್ಟ್ರೀಮಿಂಗ್ ಸೇವೆಯಿಂದ ಇಳಿಸಿಟ್ಟ ಹಾಡುಗಳ ಕತೆ ಬೇರೆ. ಚಂದಾ ಕಟ್ಟಿದರೆ ವಾಚಿನೊಳಕ್ಕೇ ಇಳಿಸಿಕೊಳ್ಳಬಹುದು ಎನ್ನುವುದು ನಿಜ. ಆದರೆ ಆ ಹಾಡುಗಳು ನಮ್ಮವಲ್ಲ, ಬಾಡಿಗೆಯವು. ಆಗಾಗ ಅಂತರ್ಜಾಲಕ್ಕೆ ಸೇರಿ ಚಂದಾ ಜೀವಂತವಾಗಿದೆ ಎಂದು ರುಜುವಾತು ಮಾಡದಿದ್ದರೆ ಬೀಗ ಬೀಳುತ್ತದೆ. ಒಂದು ಭಾನುವಾರ ಚಾಮುಂಡಿ ಬೆಟ್ಟದ ಮುನ್ನೂರನೆಯ ಮೆಟ್ಟಿಲಿನ ಸುಮಾರಿಗೆ ನನ್ನ ಇಡೀ ಪಟ್ಟಿ ಬೂದು ಬಣ್ಣಕ್ಕೆ ತಿರುಗಿತು. ಉಳಿದ ಏಳುನೂರು ಮೆಟ್ಟಿಲು ಕೋತಿಗಳ ಕಿರುಚಾಟ ಕೇಳುತ್ತಾ ಹತ್ತಿದೆ. ಅಂದಿನಿಂದ ನಡಿಗೆಗೆ ಸ್ವಂತ ಎಂಪಿ3 ಕಡತಗಳೇ.

ಇನ್ನೊಂದು ತೊಂದರೆಗೆ ಕಾರಣ ಹುಡುಕಲು ನನಗೆ ಮೂರು ತಿಂಗಳು ಹಿಡಿಯಿತು. ಹಾಡು ಆಗಾಗ ತೊದಲುತ್ತಿತ್ತು, ಅದೂ ನಡೆಯುವಾಗ ಮಾತ್ರ. ಇಯರ್‌ಬಡ್ ಕೆಟ್ಟಿದೆ ಎಂದುಕೊಂಡು ಹೊಸದು ಕೊಂಡೆ, ಅದೂ ತೊದಲಿತು. ಬ್ಲೂಟೂತ್‌ನ 2.4 ಗಿಗಾಹರ್ಟ್ಸ್ ಅಲೆಯನ್ನು ನೀರು ಚೆನ್ನಾಗಿ ಹೀರುತ್ತದೆ, ನಮ್ಮ ದೇಹದ ಬಹುಪಾಲು ನೀರೇ. ಕೆಲವು ಇಯರ್‌ಬಡ್‌ಗಳಲ್ಲಿ ಒಂದು ಕಿವಿಯದು ಯಜಮಾನ, ಇನ್ನೊಂದು ಅದರ ಹಿಂಬಾಲಕ. ನನ್ನವುಗಳಲ್ಲಿ ಯಜಮಾನ ಬಲಗಿವಿಯಲ್ಲಿತ್ತು, ವಾಚು ಎಡಗೈಯಲ್ಲಿತ್ತು, ನಡುವೆ ನಾನಿದ್ದೆ. ವಾಚನ್ನು ಬಲಗೈಗೆ ಕಟ್ಟಿದ ದಿನದಿಂದ ತೊದಲು ನಿಂತಿತು. ಗಡಿಯಾರವನ್ನು ಬಲಗೈಗೆ ಕಟ್ಟುವವರನ್ನು ಕಂಡರೆ ನನ್ನ ತಂದೆಗೆ ಆಗುತ್ತಿರಲಿಲ್ಲ, ಅದು ಬೇರೆ ಮಾತು.

ವ್ಯಾಯಾಮದ ಲೆಕ್ಕಕ್ಕೆ ಬರೋಣ. ಫೋನ್ ಜೊತೆಗಿದ್ದರೆ ಜಿಪಿಎಸ್ ಬೇಗ ಸಿಗುತ್ತದೆ, ಉಪಗ್ರಹಗಳು ಎಲ್ಲಿವೆ ಎಂಬ ಮಾಹಿತಿಯನ್ನು ಫೋನ್ ಅಂತರ್ಜಾಲದಿಂದ ತಂದುಕೊಡುತ್ತದೆ. ಫೋನಿಲ್ಲದಿದ್ದರೆ ವಾಚು ಅದನ್ನು ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು. ಬಯಲಿನಲ್ಲೂ ಅದಕ್ಕೆ ಅರ್ಧ ನಿಮಿಷ ಬೇಕು, ಮರದ ಕೆಳಗಾದರೆ ಎರಡು ಮೂರು ನಿಮಿಷ. ಗೇಟಿನ ಬಳಿ ಕೈ ಚಾಚಿ ನಿಂತುಕೊಳ್ಳುವ ನನ್ನನ್ನು ಕಂಡು ಯಾರೋ ಯೋಗಾಸನ ಎಂದುಕೊಂಡಿದ್ದರು. ಕಾಯದೆ ಹೊರಟರೆ ನಕ್ಷೆ ಹಾಳು. ಒಂದು ದಿನದ ನಕ್ಷೆಯ ಪ್ರಕಾರ ನಾನು ಕುಕ್ಕರಹಳ್ಳಿ ಕೆರೆಯ ನೀರಿನ ಮೇಲೆ ಮುನ್ನೂರು ಮೀಟರ್ ನಡೆದಿದ್ದೇನೆ. ಹೆಜ್ಜಾರ್ಲೆ ಹಕ್ಕಿಗಳಿಗೂ ಸಾಧ್ಯವಾಗದ ಕೆಲಸ.

ಹೃದಯ ಬಡಿತವನ್ನು ಅಳೆಯುವುದು ಹಸಿರು ಬೆಳಕು. ರಕ್ತ ಹಸಿರನ್ನು ಹೀರುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿನಲ್ಲಿ ರಕ್ತ ಏರಿಳಿದಂತೆ ಮರಳಿ ಬರುವ ಬೆಳಕೂ ಏರಿಳಿಯುತ್ತದೆ. ಕೂತಿದ್ದಾಗ ಇದು ಬಹಳ ಸರಿಯಾಗಿದೆ, ಕುತ್ತಿಗೆಗೆ ಬೆರಳಿಟ್ಟು ಎಣಿಸಿ ಹಲವು ಸಲ ತಾಳೆ ನೋಡಿದ್ದೇನೆ. ಬಿರುಸಾಗಿ ನಡೆಯುವಾಗ ಬೆಲ್ಟ್ ಸಡಿಲವಿದ್ದರೆ ಮಾತ್ರ ವಾಚು ಹೆಜ್ಜೆಯ ಲಯವನ್ನೇ ನಾಡಿ ಎಂದು ನಂಬಿಬಿಡುತ್ತದೆ. ನಿಮಿಷಕ್ಕೆ 120 ಹೆಜ್ಜೆ ಹಾಕುತ್ತಿದ್ದರೆ ಬಡಿತವೂ ಅಲುಗಾಡದೆ 120. ಅಂಥ ಅಚಲ ಸಂಖ್ಯೆ ಕಂಡರೆ ನಂಬಬೇಡಿ. ವಾಚನ್ನು ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ, ತುಸು ಬಿಗಿಯಾಗಿ ಕಟ್ಟಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಬೆಟ್ಟದ ಮೆಟ್ಟಿಲಲ್ಲಿ ಇದು ನನಗೆ ನಿಜವಾಗಿ ಉಪಯೋಗಕ್ಕೆ ಬಂದಿದೆ. 160 ದಾಟಿದರೆ ನಿಲ್ಲುತ್ತೇನೆ, 120ಕ್ಕೆ ಇಳಿದರೆ ಹೊರಡುತ್ತೇನೆ. ಮೊದಲ ವರ್ಷ ನಂದಿಯ ವಿಗ್ರಹ ತಲುಪುವಷ್ಟರಲ್ಲಿ ಆರು ಸಲ ನಿಲ್ಲುತ್ತಿದ್ದವನು ಈಗ ಎರಡು ಸಲ ನಿಲ್ಲುತ್ತೇನೆ.

ಹೆಜ್ಜೆ ಎಣಿಕೆಗೆ ನಾನು ಬೆಲೆ ಕೊಡುವುದಿಲ್ಲ. ಸಂಗೀತ ಕೇಳುತ್ತಾ ತೊಡೆಯ ಮೇಲೆ ಆದಿತಾಳ ಹಾಕಿದರೆ ಅದನ್ನೂ ನಡಿಗೆ ಎನ್ನುತ್ತದೆ. ಗಣೇಶನ ಹಬ್ಬದ ಒಂದು ಸಂಜೆ ಕುರ್ಚಿ ಬಿಟ್ಟೇಳದೆ ಎರಡು ಸಾವಿರ ಹೆಜ್ಜೆ ಹಾಕಿದ್ದೆ. ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ದೇವರಾಜ ಮಾರುಕಟ್ಟೆ ಸುತ್ತಿದರೆ ಅರ್ಧವೂ ಲೆಕ್ಕಕ್ಕೆ ಬರುವುದಿಲ್ಲ. ದಿನಕ್ಕೆ ಹತ್ತು ಸಾವಿರ ಎಂಬ ಗುರಿಯೂ ವೈದ್ಯರು ಕೊಟ್ಟದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬ ಅರ್ಥದ ಹೆಸರಿಟ್ಟಿದ್ದರು. ಆ ಹೆಸರೇ ಈಗ ಎಲ್ಲರ ಮಣಿಕಟ್ಟಿನ ಶಾಸ್ತ್ರವಾಗಿದೆ.

ಫೋಟೋ ವಿಷಯದಲ್ಲಿ ಮೊದಲು ಒಂದು ಸ್ಪಷ್ಟನೆ. ಇದರಲ್ಲಿ ಕ್ಯಾಮೆರಾ ಇಲ್ಲ. 2013ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಗಿಯರ್‌ನ ಬೆಲ್ಟಿನಲ್ಲೇ 1.9 ಮೆಗಾಪಿಕ್ಸೆಲ್ ಕ್ಯಾಮೆರಾ ಇಟ್ಟಿತ್ತು, ಆ ಪದ್ಧತಿ ಮುಂದುವರಿಯಲಿಲ್ಲ. ನನ್ನ ವಾಚಿನಲ್ಲಿ ಫೋನಿನಿಂದ ಕಳಿಸಿದ ಚಿತ್ರಗಳನ್ನು ನೋಡಬಹುದು, ಅಷ್ಟೆ. ಕೆರೆಯ ಬಳಿ ಸಿಗುವ ನಿವೃತ್ತ ಮೇಷ್ಟರಿಗೆ ಮಗಳ ಪದವಿ ಪ್ರದಾನದ ಚಿತ್ರ ತೋರಿಸಲು ಹೋದೆ. ಇಬ್ಬರಿಗೂ ಚಾಳೀಸು, ಇಬ್ಬರ ಕನ್ನಡಕವೂ ಮನೆಯಲ್ಲಿ. ಫೋನಾಗಿದ್ದರೆ ಅವರ ಕೈಗೆ ಕೊಟ್ಟುಬಿಡಬಹುದಿತ್ತು. ಕೈಗೆ ಕಟ್ಟಿದ್ದನ್ನು ಹೇಗೆ ಕೊಡುವುದು? ನಾನು ಕೈ ಚಾಚಿದೆ, ಅವರು ಎರಡು ಹೆಜ್ಜೆ ಹಿಂದೆ ಸರಿದರು, ಅಷ್ಟರಲ್ಲಿ ಪರದೆ ಆರಿತು. ಚಿತ್ರ ತೋರಿಸುವ ಆಸೆ ಬಿಟ್ಟು ಈಗ ಬೇರೆ ಕೆಲಸಕ್ಕೆ ಬಳಸುತ್ತೇನೆ. ದೇವರನಾಮದ ಸಾಹಿತ್ಯವನ್ನು ದಪ್ಪ ಅಕ್ಷರದಲ್ಲಿ ಬರೆದು, ಎರಡೆರಡು ಸಾಲಿನ ಚಿತ್ರ ತೆಗೆದು ಒಳಗಿಟ್ಟುಕೊಂಡು ನಡೆಯುತ್ತಾ ಬಾಯಿಪಾಠ ಮಾಡುತ್ತೇನೆ. ರಕ್ತದ ಗುಂಪು ಮತ್ತು ಹೆಂಡತಿಯ ಫೋನ್ ಸಂಖ್ಯೆ ಬರೆದ ಚೀಟಿಯ ಚಿತ್ರವೂ ಇದೆ. ಸಿಮ್ ಇಲ್ಲದ ವಾಚು ಕಟ್ಟಿ ಒಂಟಿಯಾಗಿ ಬೆಟ್ಟ ಹತ್ತುವವರು ಅದನ್ನು ಇಟ್ಟುಕೊಳ್ಳಲೇಬೇಕು.

ಫೋನ್ ಬಿಟ್ಟು ಹೋದವನಿಗೆ ನಿಜವಾಗಿ ಕೈ ಕಟ್ಟಿಹೋಗುವುದು ಹಾಡಿಗೂ ಅಲ್ಲ, ಚಿತ್ರಕ್ಕೂ ಅಲ್ಲ, ಎಳನೀರಿಗೆ. ಬೆಟ್ಟದಿಂದ ಇಳಿದು ಬಾಯಾರಿ ನಿಂತಾಗ ಐನೂರರ ನೋಟು ಚಾಚಿದರೆ, ‘ಚಿಲ್ಲರೆ ಇಲ್ಲ ಸಾರ್, ಸ್ಕ್ಯಾನ್ ಮಾಡಿಬಿಡಿ’ ಎಂಬ ಉತ್ತರ. ನನ್ನ ವಾಚಿಗೆ ಕಣ್ಣಿಲ್ಲ, ಸ್ಕ್ಯಾನ್ ಎಲ್ಲಿಂದ ಬರಬೇಕು? ‘ನಾಳೆ ಕೊಡಿ ಸಾರ್, ದಿನಾ ಬರುವವರಲ್ಲವೇ’ ಎಂದು ಆತ ಕೊಚ್ಚಿಕೊಟ್ಟ. ನಾನು ಅಲ್ಲಿಗೆ ಹೋಗುವುದು ವಾರಕ್ಕೊಮ್ಮೆ. ಆ ಸಾಲಕ್ಕಾಗಿಯೇ ಮರುದಿನ ಮತ್ತೆ ಹೋದೆ. ಈಗ ಜೇಬಿನಲ್ಲಿ ಹತ್ತು, ಇಪ್ಪತ್ತರ ನೋಟುಗಳ ಸಣ್ಣ ಕಟ್ಟು ಇರುತ್ತದೆ.

ಬ್ಯಾಟರಿ ಮುಪ್ಪಾಗಿದೆ. ಹೊಸತರಲ್ಲಿ ಒಂದೂವರೆ ದಿನ ಬರುತ್ತಿದ್ದುದು ಈಗ ಒಂದು ದಿನಕ್ಕೆ ಏದುಸಿರು. ಜಿಪಿಎಸ್ ಮತ್ತು ಹಾಡು ಒಟ್ಟಿಗೆ ನಡೆದರೆ ಮೊದಲು ಐದು ಗಂಟೆ, ಈಗ ಮೂರಕ್ಕಿಂತ ತುಸು ಕಡಿಮೆ. ದಿನವೂ ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿ ಮೂರು ವರ್ಷ ಕಳೆದ ಮೇಲೆ ಹೀಗಾಗುವುದು ಸಹಜ. ಬದಲಿಸಲು ವಿಚಾರಿಸಿದರೆ ಸೇವಾ ಕೇಂದ್ರದವರು 3,800 ರೂಪಾಯಿ ಎಂದರು, ಹದಿನೈದು ದಿನ ಎಂದರು, ತೆರೆದ ಮೇಲೆ ನೀರು ತಡೆಯುವ ಖಾತರಿ ಕೊಡಲಾಗದು ಎಂದೂ ಸೇರಿಸಿದರು. ವಾಪಸು ತಂದೆ. ಜೊತೆಗೆ ಬಂದಿದ್ದ ಸಿಲಿಕೋನ್ ಬೆಲ್ಟ್ ಬೆವರಿಗೆ ತುರಿಕೆ ತರಿಸಿ ಎರಡನೆಯ ವರ್ಷ ತುಂಡಾಯಿತು. ಈಗಿನ ನೈಲಾನ್ ಬೆಲ್ಟ್ ಹಿತವಾಗಿದೆ, ಮಳೆಗಾಲದಲ್ಲಿ ಮಾತ್ರ ಒಣಗದೆ ವಾಸನೆ ಬರುತ್ತದೆ.

ಮತ್ತೆ ಇಂಥದ್ದನ್ನೇ ಕೊಳ್ಳುತ್ತೀರಾ ಎಂದು ಮೇಷ್ಟರು ಕೇಳಿದರು. ಕೊಳ್ಳುತ್ತೇನೆ, ಈ ಸಲ ಸಿಮ್ ಇರುವುದನ್ನು ಎಂದೆ. ಹೆಂಡತಿಗೆ ಬೇಕಾದಾಗ ಸಿಗುತ್ತೇನೆ, ಇಳಿಜಾರಿನಲ್ಲಿ ಕಾಲು ಉಳುಕಿದರೆ ಕರೆ ಮಾಡಬಹುದು. ‘ಹಾಗಾದರೆ ಕಚೇರಿಯವರಿಗೂ ಸಿಗುತ್ತೀರಿ’ ಎಂದರು ಅವರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಸದ್ಯಕ್ಕೆ ಹಳೆಯದನ್ನೇ ರಾತ್ರಿ ಚಾರ್ಜರ್ ಮೇಲಿಡುತ್ತಿದ್ದೇನೆ.