ಎಂಟು ತಿಂಗಳು ಬಳಸಿದ ಮೇಲೆ: ರೆಪ್ಪೆ ಇಷ್ಟ, ಜೊತೆಗೆ ಬಂದ ಅಂಟು ಬೇಡ

ಅಕ್ಕನ ಮಗಳ ಆರತಕ್ಷತೆಗೆಂದು ಕೊಂಡಿದ್ದು. ಐದು ಜೊತೆ ಕೃತಕ ರೆಪ್ಪೆ, ಒಂದು ಪುಟ್ಟ ಗ್ಲೂ ಟ್ಯೂಬ್, 450 ರೂಪಾಯಿ. ನನ್ನ ರೆಪ್ಪೆಗೂದಲು ತೆಳು, ಮೇಲಾಗಿ ಕೆಳಮುಖ. ಎಷ್ಟು ಕಾಡಿಗೆ ತೀಡಿದರೂ ಫೋಟೋದಲ್ಲಿ ನಿದ್ದೆಗೆಟ್ಟವಳ ಹಾಗೆ ಕಾಣುತ್ತಿದ್ದೆ.

ಇಡೀ ಪಟ್ಟಿ ಅಂಟಿಸಿದರೆ ನಾಟಕದ ವೇಷ. ಆದ್ದರಿಂದ ಕತ್ತರಿಸಿ ಹೊರತುದಿಯ ಅರ್ಧ ಮಾತ್ರ ಬಳಸುತ್ತೇನೆ. ಮೊದಲು ರೆಪ್ಪೆಗೂದಲನ್ನು ಮೇಲಕ್ಕೆ ಬಾಗಿಸುವ ಕರ್ಲರ್ ಒತ್ತಿ ಹತ್ತು ಎಣಿಕೆ. ಮಸ್ಕರಾ ಕಡ್ಡಿಯನ್ನು ಟಿಶ್ಯೂಗೆ ಒರೆಸಿ, ನನ್ನ ಕೂದಲಿಗೆ ಒಂದೇ ಕೋಟ್. ಕೃತಕ ರೆಪ್ಪೆಗೆ ಮಸ್ಕರಾ ಸೋಕಿಸುವುದಿಲ್ಲ, ಹಾಗಾಗಿ ಒಂದು ಜೊತೆ ನಾಲ್ಕೈದು ಸಲ ಬರುತ್ತದೆ. ಕನ್ನಡಿಯನ್ನು ಮೇಜಿನ ಮೇಲೆ ಮಲಗಿಸಿ, ಗದ್ದ ಎತ್ತಿ ಕೆಳಗೆ ನೋಡುತ್ತೇನೆ. ಪಟ್ಟಿಗೆ ಗ್ಲೂ ಸವರಿ ಅರ್ಧ ನಿಮಿಷ ಕಾಯಬೇಕು. ಬಿಳಿ ಬಣ್ಣ ಮಾಸಿ ಬೆರಳಿಗೆ ಜಿಗುಟು ಹತ್ತಿದಾಗ ಚಿಮಟದಿಂದ ರೆಪ್ಪೆಗೂದಲ ಬುಡಕ್ಕೆ ಕೂರಿಸಿ, ನನ್ನ ಕೂದಲು, ಕೃತಕ ರೆಪ್ಪೆ ಎರಡನ್ನೂ ಸೇರಿಸಿ ಮೆಲ್ಲಗೆ ಹಿಸುಕಿದರೆ ಮುಗಿಯಿತು. ಅಮ್ಮ ಎದುರಿಗೇ ಕೂತು ಕಾಫಿ ಕುಡಿದರು, "ಇವತ್ತು ಚೆನ್ನಾಗಿ ನಿದ್ದೆ ಬಂತಾ?" ಅಂತಷ್ಟೇ ಕೇಳಿದರು. ಆ ಖುಷಿ ಹೇಳತೀರದು.

ಆದರೆ ಆ ಗ್ಲೂ! ಎರಡನೇ ಸಲ ಹಚ್ಚಿದ ರಾತ್ರಿಯೇ ತುರಿಕೆ, ಬೆಳಗ್ಗೆ ಎರಡೂ ಕಣ್ಣು ಊದಿಕೊಂಡಿದ್ದವು. ಧಾರೆಯ ಫೋಟೋಗಳಲ್ಲಿ ನಾನು ಎಲ್ಲರ ಹಿಂದೆ ನಿಂತಿದ್ದೇನೆ. ಕಣ್ಣಿನ ಡಾಕ್ಟರು ಟ್ಯೂಬ್ ನೋಡಿ, "ಬಲೂನ್ ಊದಿದರೆ ತುಟಿ ತುರಿಸುತ್ತಾ?" ಎಂದರು. ಚಿಕ್ಕಂದಿನಿಂದಲೂ ತುರಿಸುತ್ತದೆ. ಎರಡರಲ್ಲೂ ಇರುವುದು ಲ್ಯಾಟೆಕ್ಸ್, ಅಂದರೆ ರಬ್ಬರ್ ಮರದ ಹಾಲು; ಅದು ನನಗೆ ಒಗ್ಗುವುದಿಲ್ಲ. ಪೆಟ್ಟಿಗೆಯ ತಳದಲ್ಲಿ, ಮಡಿಕೆಯೊಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಅದನ್ನು ಬರೆದಿದ್ದಾರೆ.

ಕಣ್ಣು ಪೂರ್ತಿ ವಾಸಿಯಾದ ಮೇಲೆ ಲ್ಯಾಟೆಕ್ಸ್ ಇಲ್ಲದ ಗ್ಲೂ ಬೇರೆ ಕೊಂಡೆ, 300 ರೂಪಾಯಿ. ಮೊಣಕೈ ಒಳಮಡಿಕೆಗೆ ಚೂರು ಹಚ್ಚಿ, ಎರಡು ದಿನ ನೋಡಿದ ಮೇಲೆಯೇ ಕಣ್ಣಿನ ಹತ್ತಿರ ತಂದೆ. ಆಮೇಲೆ ತೊಂದರೆಯಿಲ್ಲ. ಅಂದರೆ ನನ್ನಂಥವರಿಗೆ ಈ ಪೆಟ್ಟಿಗೆಯ ನಿಜವಾದ ಬೆಲೆ 750.

ರಾತ್ರಿ ಹತ್ತಿಯಲ್ಲಿ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ, ಮುಚ್ಚಿದ ರೆಪ್ಪೆಯ ಮೇಲೆ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ. ಪಟ್ಟಿ ತಾನಾಗಿ ಸಡಿಲವಾಗುತ್ತದೆ, ಎಳೆಯಬಾರದು. ಮಸ್ಕರಾ ಟ್ಯೂಬಿನ ಮೇಲೆ ತೆರೆದ ತಾರೀಕು ಬರೆದಿಟ್ಟು, ಮೂರು ತಿಂಗಳಾದರೆ ಎಸೆಯುತ್ತೇನೆ.

ರೆಪ್ಪೆಗೆ ನಾಲ್ಕು ಸ್ಟಾರ್, ಅಂಟಿಗೆ ಒಂದೂ ಇಲ್ಲ. ತಯಾರಕರೇ, ಲ್ಯಾಟೆಕ್ಸ್ ಇದೆ ಅನ್ನುವುದನ್ನು ಪೆಟ್ಟಿಗೆಯ ಮುಂಭಾಗದಲ್ಲೇ ಅಚ್ಚು ಹಾಕಿಸಿ.