ಟ್ಯಾಬ್‌ಗೆ ಜೋಡಿಸುವ ಅಲ್ಟ್ರಾಸೌಂಡ್ ಪ್ರೋಬ್: ಬಹಳ ಕಾಲ ಬಳಸಿದ ಮೇಲಿನ ಅನಿಸಿಕೆ

ಸ್ಪೆಸಿಫಿಕೇಶನ್ ಎಲ್ಲ ನೀವು ನೋಡಿರುತ್ತೀರಿ, ಬಿಡಿ. ನನಗೆ ತುಂಬ ಹಿಡಿಸಿದ್ದು ಒಂದೇ. ಕಾಲಿನ ಮೇಲಿಟ್ಟು ಒತ್ತಿದರೆ ಪರದೆಯಲ್ಲಿ ಅಭಿಧಮನಿ ಕಣ್ಣು ಮಿಟುಕಿಸಿದ ಹಾಗೆ ಮುಚ್ಚಿಕೊಳ್ಳುತ್ತದೆ. ಪೂರ್ತಿ ಮುಚ್ಚಿದರೆ ಆ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿಲ್ಲ.

ಕಾಸರಗೋಡು ಕಡೆಯ ಸಣ್ಣ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ರಾತ್ರಿ ಪಾಳಿ ನನ್ನದು. ನಮ್ಮಲ್ಲಿ ರಾತ್ರಿ ಡಾಪ್ಲರ್ (ನಾಳದಲ್ಲಿ ರಕ್ತದ ಹರಿವು ತೋರಿಸುವ ಸ್ಕ್ಯಾನ್) ಇಲ್ಲ. ಒಂದೇ ಕಾಲು ಊದಿಕೊಂಡು ಬಂದವರನ್ನು ಹೆಪ್ಪಿನ ಅನುಮಾನಕ್ಕೆ ಮೊದಲೆಲ್ಲ 50 ಕಿ.ಮೀ. ದೂರದ ಮಂಗಳೂರಿಗೆ ಕಳಿಸುತ್ತಿದ್ದೆವು. 2020ರ ಲಾಕ್‌ಡೌನ್‌ನಲ್ಲಿ ಆ ದಾರಿಯ ತಲಪಾಡಿ ಗಡಿ ಮುಚ್ಚಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ.

ಮಂಚದ ತಲೆಭಾಗ ಸ್ವಲ್ಪ ಎತ್ತುತ್ತೇನೆ, ಕಾಲಿನ ನಾಳಗಳಲ್ಲಿ ರಕ್ತ ತುಂಬಲಿ ಅಂತ. ಮೊಣಕಾಲು ಮಡಚಿಸಿ ಹೊರಗೆ ವಾಲಿಸುತ್ತೇನೆ. ಜೆಲ್ಲನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಯೇ ಹಚ್ಚುವುದು. ಮಳೆಗಾಲದ ರಾತ್ರಿ ತಣ್ಣನೆಯದು ತಾಗಿದರೆ ಪಾಪ, ಬೆಚ್ಚಿಬೀಳುತ್ತಾರೆ. ತೊಡೆಸಂದಿಯಲ್ಲಿ ಪ್ರೋಬನ್ನು ಅಡ್ಡಕ್ಕೆ ಇಟ್ಟು ಒತ್ತುತ್ತೇನೆ. ಒಂದೆರಡು ಸೆಂಟಿಮೀಟರ್ ಕೆಳಗಿಳಿದು ಮತ್ತೆ ಒತ್ತು. ಆಮೇಲೆ ಮೊಣಕಾಲಿನ ಹಿಂದೆ. ಪಕ್ಕದ ಅಪಧಮನಿಯೇ ತಗ್ಗುವಷ್ಟು ಒತ್ತಿದರೂ ಅಭಿಧಮನಿ ಮುಚ್ಚದಿದ್ದರೆ ಹೆಪ್ಪಿದೆ ಅಂತಲೇ ಲೆಕ್ಕ.

ಪರದೆಯನ್ನು ರೋಗಿಯ ಕಡೆಗೂ ತಿರುಗಿಸುತ್ತೇನೆ. ಬದಿಯಡ್ಕ ಕಡೆಯ ಅಜ್ಜಿಯೊಬ್ಬರು "ಇನ್ನೊಮ್ಮೆ ಒತ್ತಿ ಡಾಕ್ಟ್ರೇ, ನೋಡ್ತೇನೆ" ಅಂದರು. ಒತ್ತಿ ತೋರಿಸಿದೆ. ಅವರ ಮುಖದಲ್ಲಿ ಬಂದ ನೆಮ್ಮದಿ ಯಾವ ರಿಪೋರ್ಟ್ ಕಾಗದದಿಂದಲೂ ಬಂದದ್ದನ್ನು ನಾನು ಕಂಡಿಲ್ಲ.

ಆದರೆ ಇದು ಬಿಸಿಯಾಗುತ್ತದೆ! ಕಾಲು ದಪ್ಪ, ಊತ ಜಾಸ್ತಿ, ಮೊಣಕಾಲಿನ ಹಿಂದೆ ನಾಳ ಸಿಗಲು ಹೊತ್ತು ಹಿಡಿಯುತ್ತದೆ. ಸರಿಯಾಗಿ ಆಗಲೇ ನಿಂತುಬಿಡುತ್ತದೆ. ತಣ್ಣಗಾಗುವ ತನಕ ನಾನೂ ರೋಗಿಯೂ ಕಾಯಬೇಕು. ಚಿತ್ರ ಉಳಿಸಿಡಲು ವರ್ಷಾವರ್ಷ ಚಂದಾ ಬೇರೆ. ಸಣ್ಣ ಆಸ್ಪತ್ರೆಗೆ ಇದು ಭಾರ ಅಲ್ವಾ? ಮಾರುವಾಗಲೇ ಬಿಡಿಸಿ ಹೇಳಬೇಕಿತ್ತು.

ಇನ್ನೊಂದು ಮಾತು. ಈ ಸ್ಕ್ಯಾನ್ "ಇಲ್ಲ" ಅಂದರೆ ನೋಡಿದ ಜಾಗದಲ್ಲಿ ಇಲ್ಲ ಅಂತ ಮಾತ್ರ. ಮೀನಖಂಡದ ಹೆಪ್ಪು ತಪ್ಪಿಸಿಕೊಳ್ಳಬಹುದು. ಹಾಗಾಗಿ ಹೆಪ್ಪಿನ ಸಾಧ್ಯತೆ ಅಂದಾಜಿಸುವ ವೆಲ್ಸ್ ಸ್ಕೋರ್ ಹಾಕದೆ, ಬೇಕಾದಾಗ ಡಿ-ಡೈಮರ್ ರಕ್ತಪರೀಕ್ಷೆ ಮಾಡಿಸದೆ ಯಾರನ್ನೂ ಸುಮ್ನೆ ಮನೆಗೆ ಕಳಿಸುವುದಿಲ್ಲ. ಅನುಮಾನ ಉಳಿದರೆ ವಾರದ ಹೊತ್ತಿಗೆ ಮತ್ತೆ ಸ್ಕ್ಯಾನ್. ಇದು ಪ್ರೋಬ್‌ನ ದೋಷವಲ್ಲ, ಈ ಪರೀಕ್ಷೆಯ ಮಿತಿ.

ಕೊಳ್ಳುವವರು ನೋಂದಣಿ ಮರೆಯಬೇಡಿ. ಎಷ್ಟೇ ಚಿಕ್ಕದಿದ್ದರೂ ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಇದಕ್ಕೂ ಅನ್ವಯಿಸುತ್ತದೆ. ಹಗಲೂ ರಾತ್ರಿ ರೇಡಿಯಾಲಜಿಸ್ಟ್ ಇರುವಲ್ಲಿ ಇದಕ್ಕೆ ಹಣ ಹಾಕುವ ಅಗತ್ಯ ಅಷ್ಟಿಲ್ಲ. ನಮ್ಮಂಥ ಕಡೆ ಚಂದಾ ಕಟ್ಟಿಯಾದರೂ ಇಟ್ಟುಕೊಳ್ಳಿ ಅನ್ನುತ್ತೇನೆ.