ಅಮೆರಿಕದ ಗುಂಡೇಟಿನ ಸಾವುಗಳ ಅಧ್ಯಯನ: ಯಾವ ದತ್ತಾಂಶ ಯಾವುದಕ್ಕೆ?

ಬರೀ ಎಣಿಕೆ, ದರ ಸಾಕಿದ್ದರೆ ಸಿಡಿಸಿಯ (ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ) ವಂಡರ್ ಎಂಬ ಆನ್‌ಲೈನ್ ದತ್ತಾಂಶ. ಉಚಿತ, ಮರಣ ಪ್ರಮಾಣಪತ್ರಗಳನ್ನು ಆಧರಿಸಿದ್ದು. ಬಂದೂಕಿನ ಆತ್ಮಹತ್ಯೆಗೆ ಎಕ್ಸ್72ರಿಂದ 74, ಹತ್ಯೆಗೆ ಎಕ್ಸ್93ರಿಂದ 95 ಎಂಬ ಸಾವಿನ ಕಾರಣದ ಸಂಕೇತ (ಐಸಿಡಿ-10) ಹಾಕಿ. ಎಡವುವುದು ಸಣ್ಣ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಯಂಥವು): 1ರಿಂದ 9ರವರೆಗಿನ ಎಣಿಕೆ ಮರೆಮಾಡಿರುತ್ತದೆ. ಅಲ್ಲಿ ಸೊನ್ನೆ ತುಂಬಬೇಡಿ, ಹಲವು ವರ್ಷ ಒಟ್ಟುಗೂಡಿಸಿ.

ಏಕೆ, ಹೇಗೆ ಎಂಬುದು ಬೇಕೆಂದರೆ ಎನ್‌ವಿಡಿಆರ್‌ಎಸ್, ಅಂದರೆ ಹಿಂಸಾತ್ಮಕ ಸಾವುಗಳನ್ನು ದಾಖಲಿಸುವ ಸಿಡಿಸಿಯ ರಾಷ್ಟ್ರೀಯ ವ್ಯವಸ್ಥೆ. ಇದು ಪೊಲೀಸ್, ಶವಪರೀಕ್ಷೆ ವರದಿಗಳನ್ನೂ ಜೋಡಿಸುತ್ತದೆ. ಮನೆಜಗಳ, ಖಿನ್ನತೆ, ಬಂದೂಕಿನ ಬಗೆ ಗೊತ್ತಾಗುತ್ತದೆ. ವಿವರವಾದ ಕಡತಕ್ಕೆ ಅರ್ಜಿ ಹಾಕಬೇಕು, ತಾಳ್ಮೆಯೂ ಬೇಕು. ಎಲ್ಲ 50 ರಾಜ್ಯಗಳು ಸೇರಿದ್ದು 2018ರಲ್ಲಿ. ಹಾಗಾಗಿ ಹಿಂದಿನ ವರ್ಷಗಳ ‘ಏರಿಕೆ’ ಹೊಸ ರಾಜ್ಯ ಸೇರಿದ್ದರ ಫಲವೂ ಇರಬಹುದು.

ಗುಂಡೇಟಿನ ಘಟನೆಗಳನ್ನು ಪಟ್ಟಿಮಾಡುವ ಖಾಸಗಿ ತಾಣ ಗನ್ ವಯಲೆನ್ಸ್ ಆರ್ಕೈವ್ ಬಲು ಚುರುಕು, ಆದರೆ ಸುದ್ದಿ ಮತ್ತು ಪೊಲೀಸ್ ಮೂಲದ್ದು. ಹೆಚ್ಚಿನ ಆತ್ಮಹತ್ಯೆಗಳು ಅದರಲ್ಲಿ ಪ್ರಕರಣವಾರು ಸಿಗುವುದಿಲ್ಲ. ಅಮೆರಿಕದ ಗುಂಡೇಟಿನ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳೇ.